ಕುಂಡದೊಳಗೊಂದು ಕೆರೆ



ಊರಿಗೆ ಹೊರಡುವಾಗ ನಾಳೆಯಿಂದ ಹಾಲು ಬೇಡ ಎಂದು ಹೇಳಿ ಹೋಗಬಹುದು. ಪೇಪರ್ ನಿಲ್ಲಿಸಬಹುದು. ಗ್ಯಾಸ್ ಮುಚ್ಚಿ, ಮೇನ್ ಸ್ವಿಚ್ ಇಳಿಸಿ, ಬೀಗ ಜಗ್ಗಿ ನೋಡಿ ಹೊರಟುಬಿಡಬಹುದು. ಮನೆಯೊಳಗಿನ ಗಿಡಗಳಿಗೆ ಮಾತ್ರ ಏನೂ ಹೇಳಿ ಹೋಗಲಾಗುವುದಿಲ್ಲ. ಅವುಗಳ ಸಲುವಾಗಿ ಬೀಗದ ಕೈ ಪಕ್ಕದ ಮನೆಗೆ ಹೋಗುತ್ತದೆ.

ಹಾಗೊಂದು ಬೀಗದ ಕೈ ನನ್ನ ಬಳಿಗೂ ಬಂತು. ನಾವಿರುವುದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ. ಎದುರುಮನೆಯ ಅಕ್ಕ ಮಗಳ ಬಾಣಂತನಕ್ಕೆಂದು ಸಿಯಾಟಲ್‌ಗೆ ಹೊರಟಿದ್ದರು. ಅವರ ಹಾಲ್‌ನಲ್ಲಿ, ಅಡುಗೆಮನೆಯ ಕಿಟಕಿಯಲ್ಲಿ, ಬಾಲ್ಕನಿಯ ನೆರಳಿನಲ್ಲಿ ಒಟ್ಟು ಹದಿನಾಲ್ಕು ಕುಂಡಗಳಿದ್ದವು. ಮನಿಪ್ಲಾಂಟ್, ಜರಿಗಿಡ, ವೀಳ್ಯದೆಲೆಯ ಬಳ್ಳಿ, ದೊಡ್ಡಪತ್ರೆ, ಜೊತೆಗೆ ಅವರು ಮಗುವಿನಂತೆ ನೋಡಿಕೊಳ್ಳುತ್ತಿದ್ದ ದೊಡ್ಡದೊಂದು ಪೀಸ್ ಲಿಲಿ. ಬೀಗದ ಕೈ ಕೊಡುವಾಗ ಅವರು ಹೇಳಿದ್ದು ಇಷ್ಟೇ: “ಆಗಾಗ ಸ್ವಲ್ಪ ನೀರು ತೋರಿಸಮ್ಮ, ಸಾಕು.”

ಬೇರೆಯವರ ಗಿಡ ಎಂದರೆ ನಮ್ಮ ಗಿಡಕ್ಕಿಂತ ಭಯ ಹೆಚ್ಚು. ಒಂದು ದಿನ ತಪ್ಪಿದರೂ ಒಣಗಿಹೋದರೆ ಏನು ಮುಖ ತೋರಿಸಲಿ ಎಂಬ ಅಳುಕು. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಒಂದೊಂದು ಚೊಂಬು, ಸಂಜೆ ಬಂದ ಮೇಲೆ ಮತ್ತೆ ಒಂದೊಂದು ಚೊಂಬು ತಪ್ಪದೆ ಹಾಕಿದೆ. ಎರಡು ತಿಂಗಳಾಗುವಷ್ಟರಲ್ಲಿ ಎಲೆಗಳು ಹಳದಿಯಾಗತೊಡಗಿದವು. ನೀರು ಸಾಲದೇನೋ ಎಂದು ಇನ್ನಷ್ಟು ಹಾಕಿದೆ. ಅವರು ಬಂದು ಬಾಗಿಲು ತೆಗೆದಾಗ ಹದಿನಾಲ್ಕರಲ್ಲಿ ಒಂಬತ್ತು ಹೋಗಿದ್ದವು.

ಅಕ್ಕ ಒಂದು ಮಾತೂ ಗದರಲಿಲ್ಲ. ಪೀಸ್ ಲಿಲಿಯ ಬುಡ ಹಿಡಿದು ಮೆಲ್ಲಗೆ ಎತ್ತಿದರು. ಬೇರು ಮಣ್ಣಿನಿಂದ ಸುಲಭವಾಗಿ ಕಳಚಿ ಬಂತು. ಬೆಳ್ಳಗೆ ಗಟ್ಟಿಯಾಗಿರಬೇಕಾದ ಬೇರು ಕಂದಾಗಿ, ಲೋಳೆಯಾಗಿ, ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಬೇರೆ ನಾರು ಬೇರೆಯಾಗುತ್ತಿತ್ತು. ಚರಂಡಿಯ ವಾಸನೆ. “ಇದಕ್ಕೆ ಬಾಯಾರಿಕೆ ಆಗಿರಲಿಲ್ಲ ನೋಡಮ್ಮ, ಉಸಿರು ಕಟ್ಟಿತ್ತು” ಎಂದರು.

ನಾನು ಭೌತಶಾಸ್ತ್ರ ಕಲಿಸುವವಳು. ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಬೇರು ನೀರು ಕುಡಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬೇರು ಉಸಿರಾಡುತ್ತದೆ ಎಂಬುದನ್ನು ನಾವು ನೆನೆಯುವುದು ಕಡಿಮೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರುತ್ತದೆ, ಆ ಗಾಳಿಯ ಆಮ್ಲಜನಕವೇ ಬೇರಿಗೆ ಆಸರೆ. ಸಂದುಗಳೆಲ್ಲ ನೀರಿನಿಂದ ತುಂಬಿಹೋದರೆ ಆಮ್ಲಜನಕ ನೀರನ್ನು ಹಾದು ಬೇರು ಮುಟ್ಟಬೇಕು. ಗಾಳಿಯಲ್ಲಿ ಅದು ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಹರಡುವ ವೇಗ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಬೇರು ಅಷ್ಟು ಕಾಯಲಾರದು. ಅದು ಸಾಯುತ್ತದೆ. ಸತ್ತ ಬೇರು ನೀರೆತ್ತುವುದಿಲ್ಲವಾದ್ದರಿಂದ ನೀರಿನಲ್ಲೇ ನಿಂತ ಗಿಡದ ಎಲೆ ಬಾಡುತ್ತದೆ. ಬಾಡಿದ ಎಲೆ ಕಂಡು ನಾವು ಇನ್ನೂ ನೀರು ಹಾಕುತ್ತೇವೆ. ನಾನು ಮಾಡಿದ್ದು ಅದನ್ನೇ.

ಹಾಗಾದರೆ ಗಿಡಕ್ಕೆ ದಿನಕ್ಕೆ ಎಷ್ಟು ನೀರು ಬೇಕು? ಈ ಪ್ರಶ್ನೆಯನ್ನು ತಕ್ಕಡಿ ಹಿಡಿದು ಕೇಳಿದವರಲ್ಲಿ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಮೊದಲಿಗರ ಸಾಲಿನಲ್ಲಿದ್ದಾರೆ. 1724ರ ಬೇಸಿಗೆಯಲ್ಲಿ ಅವರು ಕುಂಡದಲ್ಲಿ ಬೆಳೆದ ಸೂರ್ಯಕಾಂತಿ ಗಿಡವೊಂದರ ಮಣ್ಣಿನ ಮೇಲೆ ಸೀಸದ ತೆಳು ತಗಡು ಮುಚ್ಚಿ, ನೀರು ಎಲೆಯ ಮೂಲಕವಲ್ಲದೆ ಬೇರೆ ದಾರಿಯಲ್ಲಿ ಆರಿಹೋಗದಂತೆ ಮಾಡಿ, ಬೆಳಿಗ್ಗೆ ಸಂಜೆ ತೂಗಿದರು. ಹಗಲಿನ ಹನ್ನೆರಡು ಗಂಟೆಯಲ್ಲಿ ಸರಾಸರಿ ಒಂದೂಕಾಲು ಪೌಂಡು, ಅಂದರೆ ಅರ್ಧ ಕಿಲೋಗೂ ಹೆಚ್ಚು ತೂಕ ಇಳಿಯುತ್ತಿತ್ತು. ಇಬ್ಬನಿಯಿಲ್ಲದ ಬೆಚ್ಚಗಿನ ರಾತ್ರಿಯಲ್ಲಿ ಇಳಿಯುತ್ತಿದ್ದುದು ಸುಮಾರು ಮೂರು ಔನ್ಸು, ಎಂಬತ್ತೈದು ಗ್ರಾಂ ಮಾತ್ರ. 1727ರಲ್ಲಿ ಅಚ್ಚಾದ ಅವರ ‘ವೆಜಿಟಬಲ್ ಸ್ಟಾಟಿಕ್ಸ್’ ಪುಸ್ತಕದಲ್ಲಿ ಈ ಲೆಕ್ಕಗಳೆಲ್ಲ ಇವೆ.

ಅದನ್ನು ಓದಿದ ಮೇಲೆ ನಾನೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಆರು ಇಂಚಿನ ಮನಿಪ್ಲಾಂಟ್ ಕುಂಡವೊಂದನ್ನು ಇಟ್ಟು ತೂಗಿದೆ. ಮೋಡ ಕವಿದ ಜುಲೈನಲ್ಲಿ ದಿನಕ್ಕೆ ನಲವತ್ತು ಗ್ರಾಂ ಇಳಿಯಿತು. ಅದೇ ಗಿಡ, ಅದೇ ಕಿಟಕಿ, ಏಪ್ರಿಲ್‌ನಲ್ಲಿ ನೂರು ಗ್ರಾಂ ದಾಟಿತು. ನಲವತ್ತು ಗ್ರಾಂ ಎಂದರೆ ಅರ್ಧ ಲೋಟ ಕಾಫಿಗೂ ಕಡಿಮೆ. ಆ ಗಿಡದ ಜೊತೆಯವರಿಗೆ ನಾನು ದಿನಕ್ಕೆ ಎರಡು ಚೊಂಬು ಸುರಿಯುತ್ತಿದ್ದೆ. ತಪ್ಪು ಚೊಂಬಿನ ಗಾತ್ರದಲ್ಲಿ ಮಾತ್ರ ಇರಲಿಲ್ಲ. ಗಿಡ ಬಿಸಿಲು ನೋಡಿ, ಗಾಳಿ ನೋಡಿ, ಎಲೆಯ ಲೆಕ್ಕ ನೋಡಿ ತನಗೆ ಬೇಕಾದಷ್ಟು ಕೇಳುತ್ತದೆ. ನಾನು ನನ್ನ ಕಾಲೇಜಿನ ಬಸ್ಸಿನ ಹೊತ್ತು ನೋಡಿ ಕೊಡುತ್ತಿದ್ದೆ.

ಗಿಡ ಕೇಳಿದಾಗ ಕೇಳಿದಷ್ಟೇ ನೀರು ಏರಿ ಬರುವಂತೆ ಮಾಡಲು ಸಾಧ್ಯವೇ? ಉತ್ತರ ನಮ್ಮ ದೇವರ ಮನೆಯಲ್ಲೇ ಇತ್ತು. ಹಣತೆಯಲ್ಲಿ ಎಣ್ಣೆ ಕೆಳಗಿರುತ್ತದೆ, ಉರಿ ಮೇಲಿರುತ್ತದೆ. ಯಾರೂ ಎಣ್ಣೆಯನ್ನು ಮೇಲಕ್ಕೆ ತಳ್ಳುವುದಿಲ್ಲ. ತುದಿಯಲ್ಲಿ ಉರಿದು ಖಾಲಿಯಾದಷ್ಟನ್ನು ಬತ್ತಿ ಕೆಳಗಿನಿಂದ ಎಳೆದುಕೊಳ್ಳುತ್ತದೆ. ದೀಪ ದೊಡ್ಡದಾದರೆ ಹೆಚ್ಚು ಎಳೆಯುತ್ತದೆ, ಚಿಕ್ಕದಾದರೆ ಕಡಿಮೆ. ಬಚ್ಚಲಲ್ಲಿ ಸೀರೆಯ ಅಂಚು ಒಂದು ಬೆರಳು ಒದ್ದೆಯಾದರೆ ಸ್ವಲ್ಪ ಹೊತ್ತಿಗೆಲ್ಲ ನೀರು ಗೇಣುದ್ದ ಏರಿರುವುದನ್ನು ನಾವೆಲ್ಲ ಕಂಡಿದ್ದೇವೆ. ಹಳೆಯ ಮಣ್ಣಿನ ಗೋಡೆಯ ಬುಡದಿಂದ ತೇವ ಮೇಲೇರುವುದೂ ಇದೇ ರೀತಿ. ಪಾಠದಲ್ಲಿ ನಾವು ಇದನ್ನು ಕೇಶಾಕರ್ಷಣೆ ಎನ್ನುತ್ತೇವೆ. ಸಂದು ಕಿರಿದಾದಷ್ಟೂ ನೀರು ಎತ್ತರಕ್ಕೆ ಏರುತ್ತದೆ ಎಂಬ ನಿಯಮವನ್ನು 1718ರಲ್ಲಿ ಇಂಗ್ಲೆಂಡಿನ ವೈದ್ಯ ಜೇಮ್ಸ್ ಜೂರಿನ್ ತಿಳಿಸಿದರು. ಒಂದು ಮಿಲಿಮೀಟರ್ ಅಗಲದ ಗಾಜಿನ ನಳಿಕೆಯಲ್ಲಿ ನೀರು ಸುಮಾರು ಮೂರು ಸೆಂಟಿಮೀಟರ್ ಏರುತ್ತದೆ. ಅದರ ಹತ್ತನೇ ಒಂದು ಪಾಲು ಅಗಲದ ನಳಿಕೆಯಲ್ಲಿ ಸುಮಾರು ಮೂವತ್ತು ಸೆಂಟಿಮೀಟರ್. ಒಂದು ಕುಂಡದ ಎತ್ತರಕ್ಕೆ ಅಷ್ಟು ಸಾಕು.

ಇದು ಹೊಸ ಯೋಚನೆಯೂ ಅಲ್ಲ. ಬೇಯಿಸಿದ ಮಣ್ಣಿನ ಮಡಕೆಯನ್ನು ಗಿಡದ ಪಕ್ಕದಲ್ಲಿ ಹೂತು, ನೀರು ತುಂಬಿಟ್ಟು, ಅದು ಜಿನುಗಿದಷ್ಟನ್ನು ಬೇರು ಕುಡಿಯಲು ಬಿಡುವ ಪದ್ಧತಿ ಚೀನಾದಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಇತ್ತು. ನಮ್ಮ ಬಯಲುಸೀಮೆಯಲ್ಲೂ ಮಾವಿನ ಸಸಿಯ ಬುಡದಲ್ಲಿ ಮಡಕೆ ಹೂಳುವ ರೈತರಿದ್ದಾರೆ. ಕುಂಡದ ಕೆಳಗೇ ನೀರಿನ ತೊಟ್ಟಿ ಇಟ್ಟು ಮಾರಾಟಕ್ಕೆ ತಂದವರಲ್ಲಿ ಅಮೆರಿಕದ ಫ್ಲಾರಿಡಾದ ಟೊಮೆಟೊ ಬೆಳೆಗಾರ ಬ್ಲೇಕ್ ವಿಸೆನಂಟ್ ಹೆಸರುವಾಸಿ. ಅವರ ಪೆಟ್ಟಿಗೆಯ ಹೆಸರು ಅರ್ಥ್‌ಬಾಕ್ಸ್. ಈಗ ನಮ್ಮ ನರ್ಸರಿಗಳಲ್ಲೂ ಸಿದ್ಧ ಕುಂಡಗಳು ಸಿಗುತ್ತವೆ. ಆದರೆ ಇದನ್ನು ಮನೆಯಲ್ಲೇ ಮಾಡಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಕೈಯಾರೆ ಮಾಡಿದವರಿಗೆ ಒಳಗೆ ಏನು ನಡೆಯುತ್ತಿದೆ ಎಂಬುದು ಕಣ್ಣಿಗೆ ಕಟ್ಟಿರುತ್ತದೆ. ಏನಾದರೂ ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ತಿಳಿಯುತ್ತದೆ.

ಮಾಡುವ ಬಗೆ ಹೇಳುತ್ತೇನೆ. ಕಾಗದ ಪೆನ್ನು ಬೇಕಿಲ್ಲ, ಒಂದು ಕೆರೆಯನ್ನು ಮನಸ್ಸಿಗೆ ತಂದುಕೊಳ್ಳಿ, ಸಾಕು.

ಇಪ್ಪತ್ತು ಲೀಟರಿನ ಪ್ಲಾಸ್ಟಿಕ್ ಬಕೆಟ್ ಒಂದು, ಅದರ ಮುಚ್ಚಳ ಸಮೇತ. ಅಲಂಕಾರದ ಗಿಡಕ್ಕಾದರೆ ಚೆನ್ನಾಗಿ ತೊಳೆದ ಪೇಂಟ್ ಬಕೆಟ್ ಆದೀತು. ದೊಡ್ಡಪತ್ರೆ, ಕೊತ್ತಂಬರಿ, ಮೆಂತ್ಯ ಹೀಗೆ ತಿನ್ನುವ ಸೊಪ್ಪಿಗೆ ಪೇಂಟಿನ ಬಕೆಟ್ ಬೇಡ. ಅಡುಗೆ ಎಣ್ಣೆಯದೋ ಉಪ್ಪಿನಕಾಯಿಯದೋ ಖಾಲಿ ಡಬ್ಬ ಹೋಟೆಲಿನವರನ್ನು ಕೇಳಿದರೆ ಕೊಡುತ್ತಾರೆ. ಬಣ್ಣದ್ದಾಗಿರಲಿ. ಪಾರದರ್ಶಕವಾಗಿದ್ದರೆ ಬೆಳಕು ಬಿದ್ದು ಒಳಗೆಲ್ಲ ಪಾಚಿ ಕಟ್ಟುತ್ತದೆ.

ಬಕೆಟ್ಟಿನ ತಳದಿಂದ ಹತ್ತು ಸೆಂಟಿಮೀಟರ್ ಎತ್ತರದಲ್ಲಿ ಒಂದು ಅಟ್ಟ ಕೂರಬೇಕು. ಅಟ್ಟದ ಕೆಳಗೆ ನೀರು, ಮೇಲೆ ಮಣ್ಣು. ಬಕೆಟ್ಟಿನ ಮುಚ್ಚಳವೇ ಅಟ್ಟವಾಗುತ್ತದೆ. ಬಕೆಟ್ ಕೆಳಗೆ ಕಿರಿದಾಗುವುದರಿಂದ ಹತ್ತು ಸೆಂಟಿಮೀಟರ್ ಎತ್ತರದಲ್ಲಿ ಒಳಗಿನ ಅಗಲವನ್ನು ದಾರದಿಂದ ಅಳೆದು, ಮುಚ್ಚಳದ ಮೇಲೆ ಅಷ್ಟೇ ದುಂಡಗೆ ಗೆರೆ ಎಳೆದು ಆಕ್ಸಾ ಬ್ಲೇಡಿನಲ್ಲಿ ಕತ್ತರಿಸಿಕೊಳ್ಳಬೇಕು. ಅದರ ತುಂಬ ಇಪ್ಪತ್ತು ಮೂವತ್ತು ಸಣ್ಣ ತೂತುಗಳು. ಮೊಳೆ ಕಾಯಿಸಿ ಚುಚ್ಚುವುದಾದರೆ ಕಿಟಕಿ ತೆರೆದಿಟ್ಟುಕೊಳ್ಳಿ, ಪ್ಲಾಸ್ಟಿಕ್ ಹೊಗೆ ಒಳ್ಳೆಯದಲ್ಲ. ಪಿವಿಸಿ ಪೈಪಿನಿಂದ ಹತ್ತು ಸೆಂಟಿಮೀಟರ್ ಉದ್ದದ ಮೂರು ತುಂಡು ಕತ್ತರಿಸಿ, ಅವುಗಳ ಪಕ್ಕಕ್ಕೂ ಒಂದೆರಡು ತೂತು ಹಾಕಿ ತಳದಲ್ಲಿ ನಿಲ್ಲಿಸಿದರೆ ಅಟ್ಟಕ್ಕೆ ಕಂಬಗಳಾದವು. ಪಕ್ಕದ ತೂತು ಮರೆತರೆ ಪೈಪಿನೊಳಕ್ಕೆ ನೀರು ಸಲೀಸಾಗಿ ಹೋಗುವುದಿಲ್ಲ.

ಇನ್ನು ಈ ಇಡೀ ಕೆಲಸದ ಜೀವ. ಅಟ್ಟದ ನಡುವೆ ದೊಡ್ಡ ತೂತು ಕೊರೆದು ಅದರಲ್ಲಿ ಅರ್ಧ ಲೀಟರಿನ ಮೊಸರಿನ ಡಬ್ಬಿಯೊಂದನ್ನು ಇಳಿಬಿಡಬೇಕು. ಡಬ್ಬಿಯ ಅಂಚು ಅಟ್ಟಕ್ಕೆ ಸಿಕ್ಕಿಕೊಂಡು ನಿಲ್ಲಬೇಕು, ತಳ ಬಕೆಟ್ಟಿನ ತಳ ಮುಟ್ಟುವಂತಿರಬೇಕು. ಡಬ್ಬಿಯ ಮೈತುಂಬ ತೂತು. ಇದರಲ್ಲಿ ಒದ್ದೆ ಮಣ್ಣು ತುಂಬಿದರೆ ಅದು ನೀರಿನಲ್ಲಿ ಇಳಿಬಿಟ್ಟ ಕಾಲಿನಂತೆ ನಿಲ್ಲುತ್ತದೆ. ನಾನು ಅದನ್ನು ಮಣ್ಣಿನ ಕಾಲು ಎಂದೇ ಕರೆಯುತ್ತೇನೆ. ಮಣ್ಣಿನ ರಾಶಿಯಲ್ಲಿ ಈ ಒಂದು ಕಾಲು ಮಾತ್ರ ನೀರಿನಲ್ಲಿರುತ್ತದೆ. ಮಿಕ್ಕದ್ದೆಲ್ಲ ನೀರಿನಿಂದ ಮೇಲಿದ್ದು, ಈ ಕಾಲಿನ ಮೂಲಕವೇ ಕುಡಿಯುತ್ತದೆ.

ಆಮೇಲೆ ಕೋಡಿ. ಕೆರೆ ಕಟ್ಟಿದ ನಮ್ಮ ಹಿರಿಯರು ಏರಿಗಿಂತ ಮೊದಲು ಕೋಡಿಯ ಜಾಗ ನೋಡುತ್ತಿದ್ದರಂತೆ. ಹೆಚ್ಚಾದ ನೀರಿಗೆ ದಾರಿ ಇಲ್ಲದಿದ್ದರೆ ಏರಿಯೇ ಒಡೆಯುತ್ತದೆ. ಇಲ್ಲಿ ಒಡೆಯುವುದು ಬೇರಿನ ಉಸಿರು. ಬಕೆಟ್ಟಿನ ಹೊರಮೈಯಲ್ಲಿ, ತಳದಿಂದ ಒಂಬತ್ತು ಸೆಂಟಿಮೀಟರ್ ಎತ್ತರಕ್ಕೆ, ಅಂದರೆ ಅಟ್ಟಕ್ಕಿಂತ ಒಂದು ಬೆರಳು ಕೆಳಗೆ, ಪೆನ್ಸಿಲ್ ದಪ್ಪದ ಒಂದು ತೂತು. ನೀರು ಎಷ್ಟೇ ಸುರಿದರೂ ಇಲ್ಲಿಂದ ಹೊರಗೆ ಬರುತ್ತದೆಯೇ ಹೊರತು ಅಟ್ಟ ಮುಟ್ಟುವುದಿಲ್ಲ. ಆ ಒಂದು ಬೆರಳಿನ ಜಾಗದಲ್ಲಿ ಸದಾ ಗಾಳಿ. ನೀರು ಇಳಿದಂತೆ ಗಾಳಿಯ ಜಾಗ ದೊಡ್ಡದಾಗುತ್ತ ಹೋಗುತ್ತದೆ, ಅಟ್ಟದ ತೂತುಗಳ ಮೂಲಕ ಬೇರಿಗೆ ಕೆಳಗಿನಿಂದಲೂ ಗಾಳಿ ಸಿಗುತ್ತದೆ. ಎದುರುಮನೆಯ ಅಕ್ಕ ಹೇಳಿದ ಉಸಿರಿಗೆ ನಾನು ಕಂಡುಕೊಂಡ ಉತ್ತರ ಈ ತೂತು. ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ.

ನೀರು ತುಂಬಲು ಒಂದಿಂಚಿನ ಪೈಪು ಬಕೆಟ್ಟಿನ ಒಂದು ಪಕ್ಕದಿಂದ ಅಟ್ಟವನ್ನು ತೂರಿ ತಳಕ್ಕೆ ಇಳಿಯಲಿ. ಅದರ ಕೆಳತುದಿಯನ್ನು ಓರೆಯಾಗಿ ಕತ್ತರಿಸಿ, ಇಲ್ಲದಿದ್ದರೆ ತಳಕ್ಕೆ ಅಂಟಿ ಕೂತು ನೀರು ಇಳಿಯುವುದಿಲ್ಲ. ಅದೇ ಪೈಪಿನೊಳಗೆ ಪೊರಕೆಯ ತೆಂಗಿನ ಕಡ್ಡಿಯೊಂದರ ತುದಿಗೆ ಥರ್ಮಾಕೋಲ್ ಚೂರು ಸಿಕ್ಕಿಸಿ ಬಿಟ್ಟರೆ, ನೀರು ಇಳಿದಂತೆ ಕಡ್ಡಿ ಇಳಿಯುತ್ತದೆ. ಕಡ್ಡಿಗೆ ತುಂಬಿದ ಮಟ್ಟದಲ್ಲಿ ಒಂದು ಗುರುತು, ಖಾಲಿಯಾದ ಮಟ್ಟದಲ್ಲಿ ಇನ್ನೊಂದು. ಒಳಗೆ ಕಣ್ಣು ಹಾಯಿಸದೆಯೂ ಕೆರೆಯಲ್ಲಿ ಎಷ್ಟು ನೀರಿದೆ ಎಂದು ಗೊತ್ತಾಗುತ್ತದೆ. ಕಂಬ, ಡಬ್ಬಿ ಎಲ್ಲ ಕಳೆದರೂ ಈ ಅಳತೆಯ ಬಕೆಟ್ಟಿನ ಕೆರೆಯಲ್ಲಿ ಸುಮಾರು ನಾಲ್ಕು ಲೀಟರ್ ಹಿಡಿಯುತ್ತದೆ.

ಈಗ ಮಣ್ಣಿನ ಮಾತು. ಬಹಳ ಮಂದಿ ಸೋಲುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ತೋಟದ ಕೆಂಪು ಮಣ್ಣನ್ನು ಹಾಗೇ ತುಂಬಿದರೆ ಅದು ಕೆಲವೇ ವಾರಗಳಲ್ಲಿ ಕೂತು ಗಟ್ಟಿಯಾಗುತ್ತದೆ. ಎರೆಮಣ್ಣಿನ ಸಂದುಗಳು ಎಷ್ಟು ಸಣ್ಣವೆಂದರೆ ನೀರು ಏರುತ್ತದೆ, ಗಾಳಿಗೆ ಮಾತ್ರ ಜಾಗವಿರುವುದಿಲ್ಲ. ದಪ್ಪ ಮರಳಿನಲ್ಲಿ ಗಾಳಿ ಇರುತ್ತದೆ, ನೀರು ನಾಲ್ಕು ಬೆರಳೂ ಏರುವುದಿಲ್ಲ. ನಮಗೆ ಬೇಕಾದದ್ದು ಎರಡನ್ನೂ ಒಟ್ಟಿಗೆ ಹಿಡಿಯುವ ಪದಾರ್ಥ. ಅದು ನಮ್ಮ ನಾಡಿನಲ್ಲೇ ಧಾರಾಳವಾಗಿದೆ. ತಿಪಟೂರು, ಅರಸೀಕೆರೆ ಕಡೆ ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ, ಅದೇ ಕೋಕೋಪೀಟ್. ತನ್ನ ತೂಕದ ಹಲವು ಪಟ್ಟು ನೀರು ಹೀರಿಕೊಂಡೂ ನಡುನಡುವೆ ಗಾಳಿ ಇಟ್ಟುಕೊಳ್ಳುತ್ತದೆ. ಅಂಗಡಿಯಲ್ಲಿ ಇಟ್ಟಿಗೆಯಂತೆ ಒತ್ತಿದ್ದು ಸಿಗುತ್ತದೆ. ಒಂದು ಕಿಲೋ ಇಟ್ಟಿಗೆ ನೆನೆಸಿದರೆ ಹತ್ತು ಲೀಟರಿಗೂ ಮೀರಿ ಉಬ್ಬುತ್ತದೆ. ಅದರಲ್ಲಿ ಉಪ್ಪಿನಂಶ ಇರುವುದರಿಂದ ಅಕ್ಕಿ ತೊಳೆದ ಹಾಗೆ ಮೂರು ಸಲ ನೀರು ಬದಲಿಸಿ ಹಿಂಡಲೇಬೇಕು. ಎರಡು ಪಾಲು ಇದು, ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ, ಒಂದು ಪಾಲು ಪರ್ಲೈಟ್ ಅಥವಾ ಸುಟ್ಟು ಕಪ್ಪಾದ ಭತ್ತದ ಹೊಟ್ಟು. ಮಣ್ಣಿನ ಕಾಲಿಗೆ ತುಂಬುವಾಗ ಮಾತ್ರ ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ತುಂಬಿ. ಅಲ್ಲಿ ಸಂದು ಬಿದ್ದರೆ ನೀರಿನ ದಾರಿ ಕಡಿದಂತೆ. ಅಟ್ಟದ ಮೇಲೆ ಸೊಳ್ಳೆ ಪರದೆಯ ಚೂರು ಹಾಸಿ, ಮಿಕ್ಕ ಮಿಶ್ರಣವನ್ನು ಒತ್ತದೆ ಹಗುರವಾಗಿ ತುಂಬಿ. ಎಲ್ಲವೂ ಮೊದಲೇ ಒದ್ದೆಯಾಗಿರಬೇಕು. ಒಣಗಿದ ಕೋಕೋಪೀಟ್ ನೀರನ್ನು ಒಳಗೆ ಬಿಟ್ಟುಕೊಳ್ಳದೆ ದೂರ ತಳ್ಳುತ್ತದೆ.

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂದು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ನಂಬಿದ್ದೇವೆ. ನಾನೂ ನಂಬಿದ್ದೆ. ಇದು ಸರಿಯಲ್ಲ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ, ಅಂಗೈ ಮೇಲೆ ಮಲಗಿಸಿ ಹಿಡಿಯಿರಿ. ಒಂದಷ್ಟು ಸೋರಿ ನಿಲ್ಲುತ್ತದೆ. ನಿಂತ ಮೇಲೆ ಅದೇ ಸ್ಪಂಜನ್ನು ಉದ್ದಕ್ಕೆ ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಸೋರುತ್ತದೆ. ಎತ್ತರ ಹೆಚ್ಚಾದಾಗ ಬಸಿಯುವ ನೀರೂ ಹೆಚ್ಚಾಯಿತು. ಆದರೂ ಸ್ಪಂಜಿನ ತಳದ ಒಂದೆರಡು ಬೆರಳು ಒದ್ದೆಯಾಗಿಯೇ ಉಳಿಯುತ್ತದೆ. ಕುಂಡದ ಮಣ್ಣಿನ ತಳದಲ್ಲೂ ಹೀಗೇ ಒಂದು ಒದ್ದೆ ಪದರ ಇದ್ದೇ ಇರುತ್ತದೆ. ಸಣ್ಣ ಸಂದಿನಲ್ಲಿ ಹಿಡಿದ ನೀರು ಜಲ್ಲಿಯ ದೊಡ್ಡ ಸಂದಿಗೆ ಸುಲಭವಾಗಿ ಇಳಿಯುವುದಿಲ್ಲವಾದ್ದರಿಂದ, ಜಲ್ಲಿ ಹಾಕಿದರೆ ಆ ಒದ್ದೆ ಪದರ ಜಲ್ಲಿಯ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬಂದು ಕೂರುತ್ತದೆ. ನೆಲ ಎತ್ತರಿಸಿ ಮನೆಯನ್ನು ಗಿಡ್ಡ ಮಾಡಿದಂತಾಗುತ್ತದೆ, ಅಷ್ಟೇ. ತೊಟ್ಟಿಯ ಕುಂಡದಲ್ಲಂತೂ ಜಲ್ಲಿಯ ಪದರ ಬಂದರೆ ನೀರು ಮೇಲೇರುವ ದಾರಿಯೇ ನಿಂತುಹೋಗುತ್ತದೆ.

ಸಣ್ಣ ಕುಂಡಗಳಿಗೆ ಇಷ್ಟೆಲ್ಲ ಕಟ್ಟೋಣ ಬೇಡ. ಹಳೆಯ ಡಬ್ಬಿಯಲ್ಲಿ ನೀರಿಟ್ಟು, ಅದರ ಮುಚ್ಚಳದ ಮೇಲೆ ಕುಂಡ ಕೂರಿಸಿ, ಎರಡಕ್ಕೂ ಒಂದೇ ತೂತಿನಲ್ಲಿ ಬತ್ತಿ ತೂರಿಸಿದರೆ ಸಾಕು. ಬತ್ತಿಗೆ ಏನು ಬಳಸಬೇಕು ಎಂದು ನೋಡಲು ಒಂದು ಭಾನುವಾರ ನೀಲಿ ಶಾಯಿ ಬೆರೆಸಿದ ನೀರಿನಲ್ಲಿ ನಾಲ್ಕು ಬಗೆಯ ಬತ್ತಿಗಳನ್ನು ಸಾಲಾಗಿ ಇಳಿಬಿಟ್ಟೆ. ಹಳೆಯ ಹತ್ತಿ ಸೀರೆಯ ಪಟ್ಟಿಯಲ್ಲಿ ನೀಲಿ ಬಣ್ಣ ಎಲ್ಲಕ್ಕಿಂತ ಮೊದಲು ಏರಿತು. ಪಾಲಿಯೆಸ್ಟರ್ ಲಾಡಿ ಎರಡನೆಯದು. ಹೊಸ ನೈಲಾನ್ ಹಗ್ಗದಲ್ಲಿ ಎರಡು ಬೆರಳೂ ಏರಲಿಲ್ಲ. ಅದೇ ಹಗ್ಗವನ್ನು ಬಿಸಿನೀರು ಸೋಪಿನಲ್ಲಿ ತೊಳೆದು, ತುದಿಯನ್ನು ಎಳೆ ಎಳೆಯಾಗಿ ಬಿಡಿಸಿ ಮತ್ತೆ ಇಟ್ಟಾಗ ಚೆನ್ನಾಗಿ ಏರಿತು. ನಾನು ಗೆದ್ದ ಹತ್ತಿಯನ್ನೇ ಆರಿಸಿಕೊಂಡೆ. ಎರಡು ತಿಂಗಳಿಗೆ ಮಣ್ಣಿನೊಳಗಿನ ತುದಿ ಕೊಳೆತು ತುಂಡಾಗಿತ್ತು. ಡಬ್ಬಿ ತುಂಬ ನೀರಿದ್ದೂ ಮೇಲೆ ವೀಳ್ಯದೆಲೆಯ ಬಳ್ಳಿ ಬಾಡಿ ನಿಂತಿತ್ತು. ಅಂದಿನಿಂದ ಲಾಡಿಯೇ ಗತಿ. ಬತ್ತಿಯ ಮೇಲ್ತುದಿ ಕುಂಡದ ಅರ್ಧದವರೆಗೆ ಬಂದು ಮಣ್ಣಿನಲ್ಲಿ ಹರಡಿಕೊಂಡಿರಬೇಕು. ನೀರಿನಿಂದ ಮಣ್ಣಿಗಿರುವ ಅಂತರ ಒಂದು ಗೇಣಿಗಿಂತ ಕಡಿಮೆ ಇರಲಿ.

ಗಿಡ ನೆಟ್ಟ ಮೊದಲ ಎರಡು ಮೂರು ವಾರ ಮೇಲಿನಿಂದಲೇ ನೀರು ಕೊಡಿ. ಬೇರು ಇನ್ನೂ ಮೇಲೇ ಇರುತ್ತದೆ, ಕೆಳಗಿನ ತೇವ ಹುಡುಕಿ ಇಳಿಯಲು ಅದಕ್ಕೆ ಸಮಯ ಬೇಕು. ಆಮೇಲೆ ಮೇಲಿನ ಎರಡು ಬೆರಳು ಮಣ್ಣು ಒಣಗಿ ಕಂಡರೆ ಗಾಬರಿಯಾಗಬೇಡಿ. ಒಣಗಿರುವುದು ಒಳ್ಳೆಯದೇ. ಒದ್ದೆ ಮಣ್ಣಿನ ಮೇಲೆ ಮೊಟ್ಟೆಯಿಡುವ ಸಣ್ಣ ಕಪ್ಪು ನೊಣಗಳು ಒಣಮಣ್ಣಿಗೆ ಬರುವುದಿಲ್ಲ.

ತೊಟ್ಟಿ ಖಾಲಿಯಾದ ಕೂಡಲೇ ತುಂಬಬೇಡಿ, ಒಂದೆರಡು ದಿನ ಬಿಡಿ. ತುಂಬುವಾಗ ಬರೀ ನೀರು. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಜೀವಾಮೃತ ಇವೆಲ್ಲ ನೆಲದ ಗಿಡಕ್ಕೆ ಒಳ್ಳೆಯವು, ಮುಚ್ಚಿದ ತೊಟ್ಟಿಯಲ್ಲಿ ಹುಳಿತು ನಾರುತ್ತವೆ. ಎ.ಸಿ.ಯಿಂದ ತೊಟ್ಟಿಕ್ಕುವ ನೀರು ಸಿಕ್ಕರೆ ಅದು ಬಲು ಚೆನ್ನ, ಅದರಲ್ಲಿ ಲವಣವೇ ಇರುವುದಿಲ್ಲ.

ಲವಣದ ಮಾತು ಸಣ್ಣದಲ್ಲ. ಕೊಳವೆಬಾವಿಯ ಗಡಸು ನೀರು ಹಾಕುವ ಮನೆಗಳಲ್ಲಿ ಕೆಲವು ತಿಂಗಳಿಗೆ ಮಣ್ಣಿನ ಮೇಲೆ ಬಿಳಿಯ ಪೊರೆ ಕಾಣಿಸುತ್ತದೆ. ನೀರು ಲವಣವನ್ನು ಹೊತ್ತು ಮೇಲೇರುತ್ತದೆ, ಮೇಲೆ ನೀರು ಆರಿಹೋಗುತ್ತದೆ, ಲವಣ ಉಳಿಯುತ್ತದೆ. ತುಂಗಭದ್ರಾ, ಕೃಷ್ಣಾ ಕಾಲುವೆ ಬಯಲುಗಳಲ್ಲಿ ರೈತರನ್ನು ಕಂಗೆಡಿಸಿರುವ ಸವಳು–ಜವಳಿನ ಹಿಂದೆ ಇರುವುದೂ ಇದೇ. ನೀರು ಹೆಚ್ಚಾಗಿ ನೆಲದೊಳಗಿನ ಮಟ್ಟ ಮೇಲೆ ಬಂದಾಗ ಕೇಶಾಕರ್ಷಣೆ ಉಪ್ಪನ್ನು ಎತ್ತಿ ತಂದು ಹೊಲದ ಮೇಲೆ ಹಾಸುತ್ತದೆ. ಎಕರೆಗಟ್ಟಲೆ ಭೂಮಿಯಲ್ಲಿ ಆ ಉಪ್ಪು ತೊಳೆಯುವುದು ಎಷ್ಟು ಕಷ್ಟವೆಂದು ಅಲ್ಲಿಯವರನ್ನು ಕೇಳಬೇಕು. ನಮ್ಮ ಬಕೆಟ್ಟಿಗೆ ಮೂರು ತಿಂಗಳಿಗೊಮ್ಮೆ ಮೇಲಿನಿಂದ ಧಾರಾಳವಾಗಿ ನೀರು ಹೊಯ್ದು, ಕೋಡಿಯಿಂದ ಹೊರಬಿಟ್ಟು, ಉಳಿದದ್ದನ್ನು ಓರೆ ಮಾಡಿ ಬಗ್ಗಿಸಿ ಚೆಲ್ಲಿದರೆ ಸಾಕು.

ಸೊಳ್ಳೆಯ ವಿಷಯದಲ್ಲಿ ಉದಾಸೀನ ಕೂಡದು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮನೆಯೊಳಗಿನ ನಿಂತ ತಿಳಿನೀರೇ ಇಷ್ಟ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಅದರ ಮೊಟ್ಟೆ ಒಣಗಿದ ತೊಟ್ಟಿಯ ಗೋಡೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ನೀರು ಬಂದೊಡನೆ ಮರಿಯಾಗುತ್ತದೆ. 2024ರಲ್ಲಿ ಡೆಂಗಿಯಿಂದ ನಮ್ಮ ರಾಜ್ಯ ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಆದ್ದರಿಂದ ಕೋಡಿಯ ತೂತಿಗೆ ಒಳಗಿನಿಂದ ಸಣ್ಣ ಕಣ್ಣಿನ ಪರದೆ ಅಂಟಿಸಿ. ಪೈಪಿನ ಬಾಯಿಗೆ ಹಳೆಯ ನೈಲಾನ್ ಕಾಲುಚೀಲದ ತುಂಡು ಹಾಕಿ ರಬ್ಬರ್ ಬ್ಯಾಂಡ್ ಬಿಗಿಯಿರಿ, ಕಡ್ಡಿ ಅದನ್ನು ತೂರಿ ಹೊರಬರಲಿ. ಇದನ್ನು ಮಾಡಲಾಗದಿದ್ದರೆ ತೊಟ್ಟಿಯ ಕುಂಡವನ್ನೇ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಎಲ್ಲ ಗಿಡಕ್ಕೂ ಇದು ಒಗ್ಗುವುದಿಲ್ಲ. ಲೋಳೆಸರ, ಸ್ನೇಕ್ ಪ್ಲಾಂಟ್, ಕಳ್ಳಿಯ ಜಾತಿ ಇವು ನೀರನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುವಂಥವು, ಒಣಗಿ ನೆನೆದು ಒಣಗಿ ಬದುಕುವಂಥವು. ಮರದ ಮೇಲೆ ಗಾಳಿಯಲ್ಲಿ ಬೇರು ಬಿಡುವ ಸೀತಾಳೆಗೂ ಬೇಡ. ಪೀಸ್ ಲಿಲಿ, ಮನಿಪ್ಲಾಂಟ್, ಜರಿಗಿಡ, ವೀಳ್ಯದೆಲೆ, ಕೊತ್ತಂಬರಿ, ಪುದೀನ ಇವಕ್ಕೆ ಹೇಳಿ ಮಾಡಿಸಿದ ಹಾಗಿದೆ. ಪುದೀನವಂತೂ ಒಂದು ತಿಂಗಳಿಗೆ ಬಕೆಟ್ಟಿನಿಂದ ಹೊರಗೆ ಇಣುಕುತ್ತದೆ.

ಕೊನೆಯದಾಗಿ, ನಾವು ಸುರಿಯುವ ನೀರಿನ ಮಾತು. ನಮ್ಮ ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಬರುತ್ತದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಹಂತವಾಗಿ ಪಂಪು ಮಾಡಿ, ಒಟ್ಟು ಐನೂರು ಮೀಟರಿನಷ್ಟು ಎತ್ತರಿಸಿ ತರುತ್ತಾರೆ. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತು. ನಮ್ಮ ಮಹಡಿಯಲ್ಲಿ ಆ ತಿಂಗಳು ಟ್ಯಾಂಕರ್ ಬರುವ ಸದ್ದಿಗೆ ಎಲ್ಲರೂ ಕಿವಿಗೊಟ್ಟು ಕೂರುತ್ತಿದ್ದೆವು. ಆಗ ನಾನು ಹಿಂದೆ ಸುರಿದ ಚೊಂಬುಗಳು ನೆನಪಾದವು. ದಿನಕ್ಕೆ ಎರಡು ಹೊತ್ತು, ಹದಿನಾಲ್ಕು ಕುಂಡ. ಅಷ್ಟು ದೂರದಿಂದ ಅಷ್ಟು ಎತ್ತರಕ್ಕೆ ಬಂದ ನೀರು ತಟ್ಟೆ ತುಂಬಿ ಹರಿದು ಬಾಲ್ಕನಿಯ ತೂತಿನಿಂದ ಕೆಳಗೆ ಹೋಗಿತ್ತು, ಗಿಡವನ್ನೂ ಕರೆದುಕೊಂಡು.

ಅಕ್ಕ ಹೊಸದೊಂದು ಪೀಸ್ ಲಿಲಿ ತಂದರು. ಬೇಡವೆಂದರೂ ಕೇಳದೆ ಅದಕ್ಕೆ ಬಕೆಟ್ ನಾನೇ ಮಾಡಿಕೊಟ್ಟೆ. ಬೇಸಿಗೆಯಲ್ಲಿ ಆ ಗಿಡ ದಿನಕ್ಕೆ ಇನ್ನೂರು ಗ್ರಾಂ ಕುಡಿಯುತ್ತದೆ, ಹಾಗಾಗಿ ನಾಲ್ಕು ಲೀಟರ್ ಸುಮಾರು ಮೂರು ವಾರ ಬರುತ್ತದೆ. ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ ಅವರು ಮತ್ತೆ ಸಿಯಾಟಲ್‌ಗೆ ಹೊರಟಾಗ ಬೀಗದ ಕೈ ಮತ್ತೆ ನನ್ನ ಕೈಗೇ ಕೊಟ್ಟರು. ಎರಡು ತಿಂಗಳಲ್ಲಿ ಆ ಬಾಗಿಲು ತೆಗೆದದ್ದು ಮೂರೇ ಸಲ. ಎರಡನೇ ಸಲ ಹೋದಾಗ ಫೋನಿನಲ್ಲಿ ಗಿಡ ತೋರಿಸಿದೆ. ಎಲೆಗಳ ನಡುವಿನಿಂದ ಬಿಳಿಯ ಮೊಗ್ಗೊಂದು ಇನ್ನೂ ಸುರುಳಿ ಬಿಚ್ಚದೆ ನಿಂತಿತ್ತು. ಅವರು ಮೊಗ್ಗು ನೋಡಿ ಸುಮ್ಮನಾದರು, ಆಮೇಲೆ ಕೇಳಿದರು:

“ಕಡ್ಡಿ ಎಲ್ಲಿಗೆ ಬಂದಿದೆ?”

“ಖಾಲಿಯ ಗುರುತಿಗೆ ಬಂದುಬಿಟ್ಟಿದೆ ಅಕ್ಕ, ಈಗಲೇ ತುಂಬಿಸ್ತೀನಿ.”

“ಬೇಡ ತಾಳು. ನಾಡಿದ್ದು ಹಾಕು. ಬೇರು ಎರಡು ದಿನ ಉಸಿರಾಡಿಕೊಳ್ಳಲಿ.”